ನ್ಯಾಟ್ ನಡುವೆ ಬಿಜಿಪಿ ಏಳದಿದ್ದರೆ: ದೋಷ ಹುಡುಕುವ ನನ್ನ ಕ್ರಮ

ಆಟಿ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಆರೂವರೆ ಆಗಿರಲಿಲ್ಲ, ನನ್ನ ಜೊತೆ ಕೆಲಸ ಮಾಡುವ ಕುಂದಾಪುರದ ಹುಡುಗನ ಫೋನು ಬಂತು. ರಾತ್ರಿ ಸಿಡಿಲಿಗೆ ಕರೆಂಟು ಹೋಗಿ ಬಂದಿತ್ತು. ಅವನು ಎರಡು ಗಂಟೆಗೇ ಕಾರ್ಕಳಕ್ಕೆ ಹೋಗಿ ರೂಟರಿನ ಮುಂದೆ ಕುಳಿತಿದ್ದ.

"ಅಕ್ಕ, ಟನೆಲ್ ಎದ್ದಿದೆ, ಪಿಂಗ್ ಹೋಗುತ್ತದೆ, ಬಿಜಿಪಿ ಮಾತ್ರ ಏಳುವುದಿಲ್ಲ. ರೂಟರನ್ನು ನಾಲ್ಕು ಸಲ ಆರಿಸಿ ಹಾಕಿದೆ. ಪಾಸ್‌ವರ್ಡ್ ಬದಲಿಸಿದೆ. ನೆರೆಯ ರೂಟರಿನ ಸಾಲುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ."

ಅದು ಗೇರುಬೀಜದ ಕಾರ್ಖಾನೆ. ಮುಖ್ಯ ಕಚೇರಿ ಮಂಗಳೂರಿನ ಬಂದರಿನಲ್ಲಿ. ನಡುವೆ ಒಂದು ಟನೆಲ್, ಅಂದರೆ ಇಂಟರ್‌ನೆಟ್ಟಿನ ಮೂಲಕ ಎರಡು ರೂಟರುಗಳನ್ನು ಜೋಡಿಸುವ ಖಾಸಗಿ ದಾರಿ. ಅದರ ಮೇಲೆ ಬಿಜಿಪಿ, ಅಂದರೆ ಯಾವ ಜಾಲಕ್ಕೆ ಯಾವ ದಾರಿ ಎಂದು ರೂಟರುಗಳು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ. ಎಂಟು ಗಂಟೆಗೆ ಹೆಂಗಸರು ಕೆಲಸಕ್ಕೆ ಕುಳಿತರೆ, ಅವರು ಸಿಪ್ಪೆ ಸುಲಿದ ತಿರುಳಿನ ತೂಕ ಒಂದೊಂದಾಗಿ ಬಂದರಿನ ಸರ್ವರಿಗೆ ಹೋಗುತ್ತದೆ. ಕೂಲಿ ಕಿಲೋ ಲೆಕ್ಕದ್ದು. ಸಂಪರ್ಕ ಇಲ್ಲದ ದಿನ ಲೆಕ್ಕ ಚೀಟಿಯಲ್ಲಿ ಉಳಿಯುತ್ತದೆ, ಮಳೆಗಾಲದಲ್ಲಿ ಚೀಟಿ ಒದ್ದೆಯಾಗುತ್ತದೆ. ನನ್ನ ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿದವರು. ಪುಸ್ತಕದಲ್ಲಿ ಒಂದು ಸಾಲು ತಪ್ಪಾಗಿ ಬಿದ್ದರೆ ಆ ವಾರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಇಂಥ ಕರೆ ಬಂದಾಗ ನಾನು ಕಾಫಿಗೂ ಕಾಯುವುದಿಲ್ಲ. ಆ ದಿನ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನ್ಯಾಟ್ ಎಂದರೆ ದಾಟುವ ಪ್ಯಾಕೆಟ್ಟಿನ ವಿಳಾಸವನ್ನು ರೂಟರ್ ತಿದ್ದುವುದು. ಅದು ಮಾಡುವ ಕೆಲಸವನ್ನು ನಾನು ಬೀಡಿ ಬ್ರಾಂಚಿನ ಉದಾಹರಣೆಯಿಂದಲೇ ಹೇಳಿಕೊಡುತ್ತೇನೆ. ಅಮ್ಮನಿಗೆ ಜ್ವರ ಬಂದ ದಿನ ಪಕ್ಕದ ಮನೆಯವರು ನಮ್ಮ ಬೀಡಿಯನ್ನೂ ತಮ್ಮದರ ಜೊತೆ ತಮ್ಮ ಪುಸ್ತಕದಲ್ಲೇ ಬರೆಸಿ ಬರುತ್ತಿದ್ದರು. ಯಾರದ್ದೆಷ್ಟು ಎಂಬುದು ಅವರ ಮನಸ್ಸಿನಲ್ಲಿರುತ್ತಿತ್ತು, ಮನೆಗೆ ಬಂದು ಹಣ ಹಂಚುತ್ತಿದ್ದರು. ಬ್ರಾಂಚಿಗೆ ಕಂಡದ್ದು ಒಂದೇ ಹೆಸರು. ಮಾಸ್ಕರೇಡ್ ಎಂಬ ಬಗೆಯ ನ್ಯಾಟ್ ಮಾಡುವ ರೂಟರ್ ಕೂಡ ಒಳಗಿನವರೆಲ್ಲರ ಪ್ಯಾಕೆಟ್ಟಿಗೂ ತನ್ನ ಹೆಸರನ್ನೇ ಬರೆದು ಕಳುಹಿಸುತ್ತದೆ, ಉತ್ತರ ಬಂದಾಗ ತನ್ನ ಪಟ್ಟಿ ನೋಡಿ ಹಂಚುತ್ತದೆ. ವೆಬ್ ಪುಟ ತೆರೆಯಲು ಅಷ್ಟು ಸಾಕು. ಬಿಜಿಪಿಗೆ ಸಾಲದು. ಏಕೆಂದರೆ ಬಿಜಿಪಿ ತನ್ನ ನೆರೆಯವನನ್ನು ಗುರುತಿಸುವುದೇ ನಾವು ಕೈಯಾರೆ ಬರೆದುಕೊಟ್ಟ ವಿಳಾಸದಿಂದ. ಟಿಸಿಪಿ ಪೋರ್ಟ್ 179ಕ್ಕೆ ಯಾರೋ ಬಂದು ಬಾಗಿಲು ತಟ್ಟಿದರೂ, ಆ ವಿಳಾಸ ಪಟ್ಟಿಯಲ್ಲಿ ಇಲ್ಲದಿದ್ದರೆ ತಿರುಗಿಸಿ ಕಳುಹಿಸುತ್ತದೆ. ಹೆಸರು ಬದಲಾದರೆ ನೆಂಟಸ್ತಿಕೆ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ನನ್ನ ರೂಟರಿನಿಂದ ಹೊರಟ ಪ್ಯಾಕೆಟ್ಟು ಎದುರಿನ ರೂಟರಿಗೆ ಯಾವ ವಿಳಾಸದಿಂದ ಬಂದಂತೆ ಕಾಣುತ್ತಿದೆ? ಇದಕ್ಕೆ ಉತ್ತರ ಸಿಗುವವರೆಗೆ ಬಿಜಿಪಿಯ ಒಂದು ಸಾಲನ್ನೂ ಮುಟ್ಟಬೇಡಿ. ಹುಡುಗ ನಾಲ್ಕು ಗಂಟೆ ಕಳೆದದ್ದು ಪಾಸ್‌ವರ್ಡಿನಲ್ಲಿ, ಸಾಲುಗಳನ್ನು ಮತ್ತೆ ಬರೆಯುವುದರಲ್ಲಿ. ಅಲ್ಲಿ ದೋಷವೇ ಇರಲಿಲ್ಲ.

ಪಿಂಗನ್ನು ನಂಬಬೇಡಿ

ಎರಡೂ ರೂಟರುಗಳು ಲಿನಕ್ಸ್ ಆಧಾರಿತ. ಲೂಪ್‌ಬ್ಯಾಕ್ ಎಂದರೆ ಯಾವ ತಂತಿಗೂ ಅಂಟದ, ರೂಟರಿನ ಸ್ವಂತ ವಿಳಾಸ. ಬಂದರಿನ ರೂಟರಿನ ಲೂಪ್‌ಬ್ಯಾಕ್ 10.255.0.1, ಕಾರ್ಕಳದ್ದು 10.255.0.2. ಟನೆಲಿನ ತುದಿಗಳು 172.16.0.1 ಮತ್ತು 172.16.0.2. ಬಿಜಿಪಿ ಸೆಷನ್ ಲೂಪ್‌ಬ್ಯಾಕುಗಳ ನಡುವೆ. ಹುಡುಗ ಜಾಣ, ಬರಿಯ ಪಿಂಗ್ (ಇದ್ದೀಯಾ ಎಂದು ಕೇಳುವ ಪ್ಯಾಕೆಟ್ಟು) ಮಾಡಿರಲಿಲ್ಲ, ಮೂಲ ವಿಳಾಸವನ್ನು ಲೂಪ್‌ಬ್ಯಾಕಿಗೆ ಕಟ್ಟಿಯೇ ಪಿಂಗ್ ಮಾಡಿದ್ದ. ಅದೂ ಹೋಗುತ್ತಿತ್ತು. ಹಾಗಾದರೆ ದಾರಿ ಸರಿ ಇದೆ ಎಂದು ಅವನು ಮುಂದೆ ಸಾಗಿದ.

ನ್ಯಾಟ್ ಇರುವ ಕಡೆ ಪಿಂಗ್ ಹೋಗುವುದು ಸಾಕ್ಷಿಯಲ್ಲ. ನೀವು 10.255.0.1ರಿಂದ ಹೊರಡಿಸಿದ ಪಿಂಗನ್ನು ದಾರಿಯಲ್ಲಿ 172.16.0.1 ಎಂದು ತಿದ್ದಿದರೂ ಎದುರಿನವನು ಉತ್ತರ ಕೊಡುತ್ತಾನೆ. ಉತ್ತರ ಮರಳಿ ಬಂದಾಗ ನ್ಯಾಟ್ ಅದನ್ನು ಹಿಂದಕ್ಕೆ ತಿದ್ದಿ 10.255.0.1ಕ್ಕೆ ಒಪ್ಪಿಸುತ್ತದೆ. ನಿಮ್ಮ ಪರದೆಯಲ್ಲಿ ಎಲ್ಲವೂ ಸರಿ. ಪಿಂಗಿಗೆ ಉತ್ತರಿಸುವವನು ಹೆಸರು ಕೇಳುವುದಿಲ್ಲ, ಬಿಜಿಪಿ ಕೇಳುತ್ತದೆ.

ನೋಡಬೇಕಾದ ಜಾಗ ಎರಡು. ಒಂದು, ಟನೆಲ್ ಇಂಟರ್‌ಫೇಸಿನ ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ತಂತ್ರಾಂಶ) ಓಡಿಸಿ ಪೋರ್ಟ್ 179ರ ಪ್ಯಾಕೆಟ್ಟುಗಳನ್ನು ಮಾತ್ರ ಹಿಡಿಯಿರಿ. ಹೊರಹೋಗುವ ಪ್ಯಾಕೆಟ್ಟನ್ನು ಅದು ನ್ಯಾಟ್ ಆದ ಮೇಲೆ ತೋರಿಸುತ್ತದೆ, ಆದ್ದರಿಂದ ಅಲ್ಲಿ ಕಂಡ ಮೂಲ ವಿಳಾಸವೇ ಎದುರಿನವನಿಗೆ ಕಾಣುವ ವಿಳಾಸ. ಇನ್ನೊಂದು, ಕಾನ್‌ಟ್ರ್ಯಾಕ್ ಪಟ್ಟಿ. ಲಿನಕ್ಸ್ ತಾನು ಕಂಡ ಸಂಪರ್ಕಗಳನ್ನು ನೆನಪಿಟ್ಟುಕೊಳ್ಳುವುದು ಇದರಲ್ಲಿ. ಅದರಲ್ಲಿ ಪ್ರತಿ ಸಂಪರ್ಕಕ್ಕೂ ಎರಡು ಜೋಡಿ ವಿಳಾಸಗಳಿರುತ್ತವೆ: ಹೊರಟಾಗಿನದು ಮತ್ತು ಉತ್ತರ ಬರಬೇಕಾದದ್ದು. ಮೊದಲ ಜೋಡಿಯ ಮೂಲ ವಿಳಾಸವೂ ಎರಡನೆಯ ಜೋಡಿಯ ಗುರಿ ವಿಳಾಸವೂ ಒಂದೇ ಆಗಿದ್ದರೆ ಮೂಲ ವಿಳಾಸವನ್ನು ಯಾರೂ ಮುಟ್ಟಿಲ್ಲ. ಬೇರೆ ಬೇರೆಯಾಗಿದ್ದರೆ ಅಲ್ಲಿಯೇ ಕಳ್ಳ ಇದ್ದಾನೆ. ಸಿಸ್ಕೊ ಐಒಎಸ್ ಆದರೆ 'ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್' ಎಂದು ಕೇಳಿ, 179 ಇರುವ ಸಾಲು ಅಲ್ಲಿ ಕಂಡರೆ ಅದೇ ಉತ್ತರ.

ಬಂದರಿನ ರೂಟರಿನಲ್ಲಿ ಹೊರಟಾಗ 10.255.0.1 ಇದ್ದದ್ದು ಉತ್ತರದ ಜೋಡಿಯಲ್ಲಿ 172.16.0.1 ಆಗಿತ್ತು. ಕಾರ್ಕಳದಲ್ಲೂ ಅದೇ ಕಥೆ, ತಿರುವುಮುರುವಾಗಿ.

ಇನ್ನು ಒಂದು ಮಾತು. 'ಶೋ ಬಿಜಿಪಿ ಸಮರಿ' ಎಂದಾಗ ಸ್ಥಿತಿ ಆ್ಯಕ್ಟಿವ್ ಎಂದು ತೋರಿಸಿದರೆ ಹೊಸಬರು ಸಂತೋಷಪಡುತ್ತಾರೆ. ಆ ಹೆಸರು ಮೋಸಗೊಳಿಸುತ್ತದೆ. ಟಿಸಿಪಿ ಸಂಪರ್ಕ ಇನ್ನೂ ಆಗಿಲ್ಲ, ಪ್ರಯತ್ನ ನಡೆದಿದೆ ಎಂಬುದಷ್ಟೇ ಅದರ ಅರ್ಥ. ಐಡಲ್, ಕನೆಕ್ಟ್, ಆ್ಯಕ್ಟಿವ್ ಈ ಮೂರರಲ್ಲಿ ಸುತ್ತುತ್ತಿದ್ದರೆ ದೋಷ ಬಿಜಿಪಿಯ ಕೆಳಗಿದೆ: ವಿಳಾಸ, ಫೈರ್‌ವಾಲ್, ದಾರಿ. ಓಪನ್‌ಸೆಂಟ್ ತನಕ ಹೋಗಿ ಬಿದ್ದರೆ ಮಾತ್ರ ಎಎಸ್ ಸಂಖ್ಯೆ (ಬಿಜಿಪಿಯಲ್ಲಿ ಒಂದು ಸಂಸ್ಥೆಯ ಜಾಲದ ಗುರುತು), ರೂಟರ್ ಐಡಿ ಇಂಥವನ್ನು ನೋಡಿ. ಎಸ್ಟಾಬ್ಲಿಷ್ಡ್ ಆಗಿ ಮೂರು ನಿಮಿಷಕ್ಕೆ ಬೀಳುತ್ತಿದ್ದರೆ ಅದು ಬೇರೆಯೇ ರೋಗ, ಕೆಳಗೆ ಹೇಳುತ್ತೇನೆ.

ತಪ್ಪು ನಡೆದದ್ದು ಒಂದು ದಿನ, ಕಂಡದ್ದು ಇನ್ನೊಂದು ದಿನ

ಹತ್ತು ದಿನ ಮೊದಲು ಎರಡೂ ಕಡೆ ಹೆಚ್ಚುವರಿ ಫೈಬರ್ ಸಂಪರ್ಕ ಬಂದಿತ್ತು. ಅದನ್ನು ಜೋಡಿಸಿದವರು ಮಾಸ್ಕರೇಡ್ ಸಾಲಿನಿಂದ ಹೊರಹೋಗುವ ಇಂಟರ್‌ಫೇಸಿನ ಹೆಸರನ್ನು ತೆಗೆದುಬಿಟ್ಟಿದ್ದರು. ಎರಡು ಫೈಬರಿಗೂ ಒಂದೇ ಸಾಲು ಸಾಕಲ್ಲ ಎಂಬ ಲೆಕ್ಕ. ಅದೇ ಸಾಲು ಕಾರ್ಕಳಕ್ಕೂ ಹೋಯಿತು. ಅಂದಿನಿಂದ ಟನೆಲಿನ ಮೂಲಕ ಹೋಗುವ ಹೊಸ ಸಂಪರ್ಕಗಳೆಲ್ಲ ಟನೆಲ್ ತುದಿಯ ವಿಳಾಸ ಹೊತ್ತು ಹೋಗುತ್ತಿದ್ದವು.

ಆದರೆ ಬಿಜಿಪಿ ಹತ್ತು ದಿನ ಅಲುಗಲಿಲ್ಲ. ಕಾರಣ ಸರಳ: ಲಿನಕ್ಸ್ ನ್ಯಾಟ್ ಪಟ್ಟಿಯನ್ನು ನೋಡುವುದು ಸಂಪರ್ಕದ ಮೊದಲ ಪ್ಯಾಕೆಟ್ಟಿಗೆ ಮಾತ್ರ. ಆಮೇಲಿನದಕ್ಕೆಲ್ಲ ಅಂದು ತೀರ್ಮಾನಿಸಿದ್ದೇ ಕಾನೂನು. ಬಿಜಿಪಿ ಸೆಷನ್ ಹಳೆಯದು, ಹೊಸ ಸಾಲು ಬರುವ ಮೊದಲೇ ಎದ್ದದ್ದು, ಅದಕ್ಕೆ ಹೊಸ ಸಾಲು ತಾಗಲಿಲ್ಲ. ಸಿಡಿಲಿನ ರಾತ್ರಿ ಅದು ಬಿತ್ತು, ಮತ್ತೆ ಏಳಲು ಹೊರಟಾಗ ಅದೂ ಹೊಸ ಸಂಪರ್ಕವಾಯಿತು. ನಾವೆಲ್ಲ ಸಿಡಿಲನ್ನು ದೂರುತ್ತಿದ್ದೆವು. ಆದ್ದರಿಂದ "ನಿನ್ನೆ ತನಕ ಸರಿ ಇತ್ತು" ಎಂದು ಯಾರಾದರೂ ಹೇಳಿದರೆ, ನಿನ್ನೆ ಏನಾಯಿತು ಎಂದು ಕೇಳಬೇಡಿ, ಸೆಷನ್ ಹಿಂದಿನ ಸಲ ಎದ್ದಂದಿನಿಂದ ಏನೇನು ಬದಲಾಯಿತು ಎಂದು ಕೇಳಿ.

ಸುಳಿವು ಇರಲಿಲ್ಲ ಎಂದಲ್ಲ. ಬಂದರಿನ ಸರ್ವರಿನ ದಾಖಲೆಯಲ್ಲಿ ಹತ್ತು ದಿನಗಳಿಂದ ಕಾರ್ಕಳದ ಎಲ್ಲ ತೂಕದ ಯಂತ್ರಗಳೂ 172.16.0.2 ಎಂಬ ಒಂದೇ ವಿಳಾಸದಿಂದ ಬರುತ್ತಿದ್ದವು. ಯಾವ ಮೇಜಿನ ತೂಕ ಯಾವುದು ಎಂಬುದು ಅಲ್ಲಿ ಅಳಿಸಿಹೋಗಿತ್ತು. ಪಕ್ಕದ ಮನೆಯವರ ಪುಸ್ತಕದಲ್ಲಿ ನಮ್ಮ ಬೀಡಿ.

ಇನ್ನೊಂದು ಸೂಕ್ಷ್ಮ ಇದೆ. ಬಿಜಿಪಿಯಲ್ಲಿ ಎರಡೂ ಕಡೆಯವರು ಪರಸ್ಪರ ಕರೆಯುತ್ತಾರೆ, ಒಂದು ಕರೆ ಕೂಡಿಬಂದರೆ ಸಾಕು. ತಪ್ಪು ಸಾಲು ಬಂದರಿನಲ್ಲಿ ಮಾತ್ರ ಇದ್ದಿದ್ದರೆ ಕಾರ್ಕಳದಿಂದ ಹೊರಟ ಕರೆ ಸರಿಯಾದ ವಿಳಾಸದಲ್ಲೇ ತಲುಪಿ ಸೆಷನ್ ಎದ್ದುಬಿಡುತ್ತಿತ್ತು, ದೋಷ ಒಳಗೇ ಉಳಿಯುತ್ತಿತ್ತು. ಮುಂದೊಂದು ದಿನ ಯಾರಾದರೂ ಕಾರ್ಕಳವನ್ನು ಪ್ಯಾಸಿವ್ ಮಾಡಿದ (ತಾನು ಕರೆಯದೆ, ಬರುವ ಕರೆಗೆ ಕಾಯುವಂತೆ ಇಟ್ಟ) ಕೂಡಲೇ ಆ ದೋಷ ಹೊರಬೀಳುತ್ತಿತ್ತು. ಆದ್ದರಿಂದ ಎರಡೂ ದಿಕ್ಕನ್ನು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು.

ಪರಿಹಾರ: ಮಾಸ್ಕರೇಡ್ ಸಾಲಿಗೆ ಹೊರಹೋಗುವ ಇಂಟರ್‌ಫೇಸನ್ನು ಮತ್ತೆ ಬರೆಯಿರಿ, ಪ್ರತಿ ಫೈಬರಿಗೂ ಒಂದೊಂದು ಸಾಲು. ಅದರ ಮೇಲೆ, ಕೆಳಗಲ್ಲ, ನಮ್ಮ ಒಳ ವಿಳಾಸಗಳಿಂದ ನಮ್ಮದೇ ಒಳ ವಿಳಾಸಗಳಿಗೆ ಹೋಗುವುದನ್ನು ನ್ಯಾಟ್ ಮಾಡದೆ ಬಿಡುವ ಸಾಲನ್ನು ಹಾಕಿ. ಲೂಪ್‌ಬ್ಯಾಕುಗಳೂ ಟನೆಲಿನ ವಿಳಾಸಗಳೂ ಅದರಲ್ಲಿ ಸೇರಿರಲಿ. ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಕೊನೆ. ಸಿಸ್ಕೊದಲ್ಲಾದರೆ ನ್ಯಾಟಿನ ಆ್ಯಕ್ಸೆಸ್ ಲಿಸ್ಟಿನಲ್ಲಿ ಎಲ್ಲರಿಗೂ ಅನುಮತಿ ಎಂದು ಒಂದೇ ಸಾಲು ಬರೆಯುವ ಅಭ್ಯಾಸ ಬಿಡಿ, ಒಳಗಿನ ಜಾಲಗಳನ್ನು ಹೆಸರಿಸಿ.

ಸಾಲು ತಿದ್ದಿದ ಮೇಲೆ ಹಳೆಯ ಕಾನ್‌ಟ್ರ್ಯಾಕ್ ನಮೂದನ್ನು ಅಳಿಸಬೇಕೇ? ಬಿಜಿಪಿಗೆ ಸಾಮಾನ್ಯವಾಗಿ ಬೇಕಿಲ್ಲ, ಪ್ರತಿ ಹೊಸ ಪ್ರಯತ್ನಕ್ಕೂ ಮೂಲ ಪೋರ್ಟ್ ಬದಲಾಗುವುದರಿಂದ ಅದು ಹೊಸ ಸಂಪರ್ಕವೇ. ಓಎಸ್‌ಪಿಎಫ್‌ಗೆ (ರೂಟರುಗಳು ದಾರಿ ಹಂಚಿಕೊಳ್ಳುವ ಇನ್ನೊಂದು ಪದ್ಧತಿ) ಖಂಡಿತ ಬೇಕು. ಅದಕ್ಕೆ ಪೋರ್ಟೇ ಇಲ್ಲ, ಐಪಿ ಪ್ರೋಟೊಕಾಲ್ ಸಂಖ್ಯೆ 89, ನೆರೆಯವರನ್ನು ಹುಡುಕುವ ಹಲೋ ಸಂದೇಶ ಹೋಗುವುದು ಸದಾ 224.0.0.5ಕ್ಕೆ. ಇಂಥ ನಮೂದಿನ ಆಯುಸ್ಸು ಲಿನಕ್ಸಿನಲ್ಲಿ ಸಾಮಾನ್ಯವಾಗಿ 600 ಸೆಕೆಂಡ್, ಹಲೋ ಹೋಗುವುದು 10 ಸೆಕೆಂಡಿಗೊಮ್ಮೆ. ಪ್ರತಿ ಹಲೋ ಆ ಹಳೆಯ ನಮೂದಿಗೆ ಮತ್ತೆ ಜೀವ ತುಂಬುತ್ತದೆ. ನೀವು ನ್ಯಾಟ್ ಸಾಲನ್ನು ಪೂರ್ತಿ ಅಳಿಸಿದರೂ ಹಲೋ ತಪ್ಪು ವಿಳಾಸದಿಂದಲೇ ಹೋಗುತ್ತಿರುತ್ತದೆ, ಎದುರಿನ ರೂಟರ್ ಅದನ್ನು ಬೇರೆ ಜಾಲದ್ದೆಂದು ಕೈಬಿಡುತ್ತಿರುತ್ತದೆ. ಪ್ರೋಟೊಕಾಲ್ 89ರ ನಮೂದನ್ನು ಕೈಯಿಂದ ಅಳಿಸಿದ ಕ್ಷಣ ನೆರೆಯ ರೂಟರ್ ಕಾಣಿಸುತ್ತದೆ. ಇದನ್ನು ತಿಳಿಯದೆ ಸರಿಯಾಗಿ ತಿದ್ದಿದ ಸಾಲನ್ನೇ ತಪ್ಪೆಂದು ತಿಳಿದು ಹಿಂದಕ್ಕೆ ಹಾಕಿದವರನ್ನು ನಾನು ನೋಡಿದ್ದೇನೆ. ಅವರ ಶ್ರಮ ನೆನೆದರೆ ಈಗಲೂ ಬೇಸರವಾಗುತ್ತದೆ.

ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎನ್ನುವುದು

ಬಿಜಿಪಿ ಸೆಷನ್ನಿಗೆ ಎಂಡಿ5 ಪಾಸ್‌ವರ್ಡ್ ಇದ್ದು, ನಡುವೆ ಎಲ್ಲಾದರೂ ನ್ಯಾಟ್ ಇದ್ದರೆ ಅದು ಏಳುವುದೇ ಇಲ್ಲ. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಲ್ಲಿ ಒಂದಾದ 1998ರ ಆರ್‌ಎಫ್‌ಸಿ 2385 ಹೇಳುವ ಈ ವಿಧಾನದಲ್ಲಿ ಪ್ರತಿ ಪ್ಯಾಕೆಟ್ಟಿಗೂ ಒಂದು ಮೊಹರು ಬೀಳುತ್ತದೆ; ಅದರ ಲೆಕ್ಕಕ್ಕೆ ಪಾಸ್‌ವರ್ಡ್ ಮಾತ್ರವಲ್ಲ, ಮೂಲ ಮತ್ತು ಗುರಿಯ ಐಪಿ ವಿಳಾಸಗಳೂ ಪೋರ್ಟುಗಳೂ ಸೇರುತ್ತವೆ. ನ್ಯಾಟ್ ವಿಳಾಸ ತಿದ್ದಿತೆಂದರೆ ಮೊಹರು ಒಡೆಯಿತು. ಎದುರಿನ ರೂಟರ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ, ಲಾಗಿನಲ್ಲಿ ಎಂಡಿ5 ಹೊಂದುತ್ತಿಲ್ಲ ಎಂದು ಒಂದು ಸಾಲು ಬೀಳುತ್ತದೆ. ಅದನ್ನು ಓದಿ ಎರಡೂ ಕಡೆ ಪಾಸ್‌ವರ್ಡ್ ಹತ್ತು ಸಲ ಬದಲಿಸಿದರೂ ಪ್ರಯೋಜನವಿಲ್ಲ. ನ್ಯಾಟನ್ನು ದಾರಿಯಿಂದ ತೆಗೆಯಬೇಕು, ಇಲ್ಲವೇ ಸೆಷನ್ನನ್ನು ಟನೆಲಿನೊಳಗೆ ಇಡಬೇಕು.

ನ್ಯಾಟ್ ಮಾಡುವ ಪೆಟ್ಟಿಗೆ ಎರಡು ಬಿಜಿಪಿ ರೂಟರುಗಳ ನಡುವೆ ಬೇರೆಯಾಗಿಯೇ ಕುಳಿತಿದ್ದರೆ ಟಿಟಿಎಲ್ (ಪ್ಯಾಕೆಟ್ಟು ಎಷ್ಟು ರೂಟರುಗಳನ್ನು ದಾಟಬಹುದು ಎಂಬ ಎಣಿಕೆ) ಕೂಡ ನೋಡಿ. ಬೇರೆ ಬೇರೆ ಎಎಸ್‌ಗಳ ನಡುವಿನ ಬಿಜಿಪಿ ಸಾಮಾನ್ಯವಾಗಿ ಟಿಟಿಎಲ್ 1 ಇಟ್ಟು ಕಳುಹಿಸುತ್ತದೆ, ನಡುವಿನ ಪೆಟ್ಟಿಗೆಯಲ್ಲೇ ಅದು ಸಾಯುತ್ತದೆ. ಟಿಟಿಎಲ್ ಹೆಚ್ಚಿಸುವ ಮಲ್ಟಿಹಾಪ್ ಕೊಡಬೇಕು. ಹೀಗೆಲ್ಲ ಮಾಡಿ ಸೆಷನ್ ಎದ್ದರೂ ಮುಗಿಯಲಿಲ್ಲ: ನ್ಯಾಟ್ ತಿದ್ದುವುದು ಲಕೋಟೆಯ ಮೇಲಿನ ವಿಳಾಸವನ್ನು, ಒಳಗಿನ ಪತ್ರವನ್ನಲ್ಲ. ಬಿಜಿಪಿ ಸಂದೇಶದೊಳಗೆ ನೆಕ್ಸ್ಟ್‌ಹಾಪ್ (ಪ್ಯಾಕೆಟ್ಟನ್ನು ಮುಂದೆ ಯಾರಿಗೆ ಕೊಡಬೇಕು ಎಂಬ ವಿಳಾಸ) ಒಳಗಿನದೇ, ಉದಾಹರಣೆಗೆ 192.168.1.2 ಎಂದೇ ಇರುತ್ತದೆ. ಎದುರಿನವನಿಗೆ ಆ ವಿಳಾಸಕ್ಕೆ ದಾರಿ ಗೊತ್ತಿಲ್ಲ, ಹಾಗಾಗಿ ಬಂದ ದಾರಿಗಳೆಲ್ಲ ಪಟ್ಟಿಯಲ್ಲಿದ್ದೂ ಬಳಕೆಗೆ ಬರುವುದಿಲ್ಲ.

ಒಳಬರುವ ಕರೆ ಕದ್ದುಹೋಗುವುದೂ ಉಂಟು. ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಕ್ಯಾಮೆರಾ ಹಾಕಿದವರು ಹೊರಗಿನಿಂದ ನೋಡಲು ಅನುಕೂಲವಾಗಲಿ ಎಂದು ಪೋರ್ಟ್ ಸಂಖ್ಯೆ ಬರೆಯದೆ, ಹೊರಗಿನ ವಿಳಾಸಕ್ಕೆ ಬಂದದ್ದನ್ನೆಲ್ಲ ಕ್ಯಾಮೆರಾದ ಪೆಟ್ಟಿಗೆಗೆ ತಿರುಗಿಸಿದ್ದರು. ರೂಟರಿಗೆ ಬರಬೇಕಾದ 179ರ ಕರೆಯೂ ಅಲ್ಲಿಗೇ ಹೋಗುತ್ತಿತ್ತು. ಹೊರಗಿನಿಂದ ಒಳಗೆ ಬರುವಾಗ ಮೊದಲು ನ್ಯಾಟ್, ಆಮೇಲೆ ದಾರಿ ಹುಡುಕುವುದು. ರೂಟರಿಗೆ ತನ್ನ ಹೆಸರಿಗೆ ಕರೆ ಬಂದದ್ದೇ ತಿಳಿಯುವುದಿಲ್ಲ. ಬೇಕಾದ ಪೋರ್ಟನ್ನಷ್ಟೇ ತಿರುಗಿಸಿ.

ನ್ಯಾಟ್ ನಮ್ಮ ಕೈಯಲ್ಲಿ ಇಲ್ಲದಿದ್ದಾಗ

ಮಲ್ಪೆಯ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸ 100.72ರಿಂದ ಶುರುವಾಗುತ್ತಿತ್ತು. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಆರ್‌ಎಫ್‌ಸಿ 6598 ಇಂಟರ್‌ನೆಟ್ ಕೊಡುವವರ ದೊಡ್ಡ ನ್ಯಾಟಿಗೆಂದೇ ಮೀಸಲಿಟ್ಟಿತು. ನಿಮ್ಮ ರೂಟರಿನ ಹೊರ ಇಂಟರ್‌ಫೇಸಿನಲ್ಲಿ ಈ ವ್ಯಾಪ್ತಿಯ ವಿಳಾಸ ಕಂಡರೆ ಹೊರಗಿನಿಂದ ನಿಮಗೆ ಯಾರೂ ಕರೆ ಮಾಡಲಾರರು, ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಅಷ್ಟೇ. ಅಲ್ಲಿ ನೇರ ಬಿಜಿಪಿಗೆ ಹಟ ಹಿಡಿಯಬೇಡಿ.

ನಾನು ಮಾಡಿದ್ದು: ಮಂಗಳೂರಿನಲ್ಲಿ ಸ್ಥಿರ ಸಾರ್ವಜನಿಕ ವಿಳಾಸವಿದ್ದ ಕಚೇರಿಗೆ ಮಲ್ಪೆಯಿಂದ, ತನ್ನ ಪ್ಯಾಕೆಟ್ಟುಗಳನ್ನು ಯುಡಿಪಿಯಲ್ಲಿ ಕಳುಹಿಸುವ ವೈರ್‌ಗಾರ್ಡ್ ಟನೆಲ್. ಕರೆ ಮಲ್ಪೆಯಿಂದಲೇ ಹೊರಡಬೇಕು, 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಬದುಕಿದ್ದೇನೆ ಎನ್ನುವ ಸಣ್ಣ ಸಂದೇಶ) ಇರಬೇಕು, ಇಲ್ಲದಿದ್ದರೆ ನಡುವಿನ ನ್ಯಾಟ್ ಯುಡಿಪಿ ನಮೂದನ್ನು ಮರೆತುಬಿಡುತ್ತದೆ. ಜಿಆರ್‌ಇ ಎಂಬ ಇನ್ನೊಂದು ಬಗೆಯ ಟನೆಲ್ ಇಂಥಲ್ಲಿ ಬೇಡ. ಅದು ಐಪಿ ಪ್ರೋಟೊಕಾಲ್ 47, ಪೋರ್ಟ್ ಇಲ್ಲ, ಪೋರ್ಟ್ ನೋಡಿ ಹಂಚುವ ನ್ಯಾಟಿಗೆ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದು. ಐಪಿಸೆಕ್ ಟನೆಲ್ ಆದರೆ ಯುಡಿಪಿ 4500ರ ಮೇಲೆ ಹೋಗುವ ಬಗೆಯನ್ನು ಬಳಸಬಹುದು. ಬಿಜಿಪಿಯನ್ನು ಟನೆಲಿನ ತುದಿಯ ವಿಳಾಸಗಳ ನಡುವೆ ಕಟ್ಟಿ. ಆಗ ನ್ಯಾಟಿಗೆ ಕಾಣುವುದು ಯುಡಿಪಿ ಮಾತ್ರ. ವೈರ್‌ಗಾರ್ಡಿನಲ್ಲಿ ಅನುಮತಿಸಿದ ವಿಳಾಸಗಳ ಪಟ್ಟಿಯಲ್ಲಿ ಇಲ್ಲದ್ದನ್ನು, ರೂಟಿಂಗ್ ಪಟ್ಟಿ ಏನೇ ಹೇಳಲಿ, ಅದು ಬಿಸಾಡುತ್ತದೆ. ನೆರೆಯವರೊಬ್ಬರಿಗೆ ಒಂದು ಟನೆಲ್ ಇಟ್ಟು ಪಟ್ಟಿಯಲ್ಲಿ 0.0.0.0/0, ಅಂದರೆ ಎಲ್ಲ ವಿಳಾಸಗಳೂ, ಎಂದು ಬರೆದರೆ ಆ ತಲೆನೋವಿಲ್ಲ, ಓಎಸ್‌ಪಿಎಫ್‌ನ 224.0.0.5 ಕೂಡ ಅದರಲ್ಲೇ ಬಂತು.

ಟನೆಲ್ ಕಟ್ಟಿದ ಮೇಲೆ ಎರಡು ಹೊಸ ರೋಗಗಳು ಬರಬಹುದು. ಒಂದು, ಮಂಗಳೂರಿನ ಸಾರ್ವಜನಿಕ ವಿಳಾಸಕ್ಕೆ ಹೋಗುವ ದಾರಿಯನ್ನೇ ಮಲ್ಪೆ ಬಿಜಿಪಿಯಿಂದ ಕಲಿತುಬಿಡುತ್ತದೆ. ಟನೆಲಿನ ಪ್ಯಾಕೆಟ್ಟು ಟನೆಲಿನೊಳಗೇ ನುಗ್ಗುತ್ತದೆ, ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಆ ಒಂದು ವಿಳಾಸಕ್ಕೆ ಫೈಬರಿನ ಕಡೆಗೆ ಸ್ಥಿರ ದಾರಿ ಬರೆದರೆ ಮುಗಿಯಿತು.

ಇನ್ನೊಂದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟು ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಸೆಷನ್ ಎಸ್ಟಾಬ್ಲಿಷ್ಡ್ ಆಗಿ ಸರಿಯಾಗಿ ಹೋಲ್ಡ್ ಸಮಯ (ಎದುರಿನವನಿಂದ ಸದ್ದಿಲ್ಲದಿದ್ದರೂ ಕಾಯುವ ಅವಧಿ) ಮುಗಿದಾಗ, ಸಿಸ್ಕೊದ ಪೂರ್ವನಿಯೋಜಿತ ಲೆಕ್ಕದಲ್ಲಿ 180 ಸೆಕೆಂಡಿಗೆ, ಬೀಳುತ್ತಿದ್ದರೆ ಇದನ್ನೇ ಮೊದಲು ಶಂಕಿಸಿ. ಸೆಷನ್ ಕಟ್ಟುವ ಸಣ್ಣ ಸಂದೇಶಗಳು ದಾಟುತ್ತವೆ. 19 ಬೈಟಿನ ಕೀಪ್‌ಅಲೈವ್ ಕೂಡ ಮೊದಲಿಗೆ ದಾಟುತ್ತದೆ. ದಾರಿಗಳ ಪಟ್ಟಿ ಹೊತ್ತ ದೊಡ್ಡ ಪ್ಯಾಕೆಟ್ಟು ಸಿಕ್ಕಿಬೀಳುತ್ತದೆ, ಟಿಸಿಪಿ ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತ ಕೂರುತ್ತದೆ, ಹಿಂದಿನ ಕೀಪ್‌ಅಲೈವ್‌ಗಳು ಸಾಲಿನಲ್ಲೇ ಉಳಿಯುತ್ತವೆ. ಓಎಸ್‌ಪಿಎಫ್‌ನಲ್ಲಿ ಎರಡು ತುದಿಯ ಎಂಟಿಯು ಬೇರೆಯಿದ್ದರೆ ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲೇ ನಿಲ್ಲುತ್ತದೆ. ವೈರ್‌ಗಾರ್ಡ್ ಐಪಿವಿ4 ಮೇಲೆ 60 ಬೈಟ್ ತಿನ್ನುತ್ತದೆ; ಪಿಪಿಪಿಒಇ ಬಗೆಯ ಫೈಬರ್ ಸಂಪರ್ಕದ ಎಂಟಿಯು 1492ರಲ್ಲಿ ಕಳೆದರೆ 1432 ಉಳಿಯುತ್ತದೆ. 1420 ಇಡುವುದು ಕ್ಷೇಮ. ಎರಡೂ ಕಡೆ ಒಂದೇ ಇರಲಿ. ತುಂಡು ಮಾಡಬೇಡ ಎಂಬ ಗುರುತು ಹಾಕಿ 1392 ಬೈಟಿನ ಪಿಂಗ್ ಕಳುಹಿಸಿ ನೋಡಿ, ತಲೆಬರಹದ 28 ಸೇರಿ 1420 ಆಗುತ್ತದೆ. ಪಿಂಗನ್ನು ನಂಬಬಹುದಾದ ಕೆಲಸ ಇದು.

ಎದ್ದ ಮೇಲೆ ಪರೀಕ್ಷೆ

ಸೆಷನ್ ಎದ್ದಿತೆಂದು ಫೋನು ಇಡಬೇಡಿ. ಒಂದು ಕಡೆಯನ್ನು ಪ್ಯಾಸಿವ್ ಮಾಡಿ ಸೆಷನ್ ಬೀಳಿಸಿ, ಏಳುತ್ತದೆಯೇ ನೋಡಿ. ಆಮೇಲೆ ಇನ್ನೊಂದು ಕಡೆಯನ್ನು ಪ್ಯಾಸಿವ್ ಮಾಡಿ ಅದನ್ನೇ ಮಾಡಿ. ಎರಡು ದಿಕ್ಕಿನಲ್ಲೂ ಎದ್ದರೆ ಪ್ಯಾಸಿವ್ ತೆಗೆಯಿರಿ. ನ್ಯಾಟ್ ಬಿಡುವ ಸಾಲಿನ ಪಕ್ಕದಲ್ಲಿ ಅದು ಏಕಿದೆ, ಯಾವಾಗ ಹಾಕಿದ್ದು ಎಂದು ಟಿಪ್ಪಣಿ ಬರೆಯಿರಿ. ಕಡೆಗೆ ರೂಟರನ್ನು ಒಮ್ಮೆ ನಿಮ್ಮ ಕಣ್ಣೆದುರೇ ಮರುಚಾಲನೆ ಮಾಡಿ, ಮುಂದಿನ ಸಿಡಿಲಿಗೆ ಬಿಡಬೇಡಿ.

ಕಾರ್ಕಳದಲ್ಲಿ ಇದೆಲ್ಲ ಮುಗಿದಾಗ ಏಳೂ ಐವತ್ತು. ಹೆಂಗಸರು ಕೊಡೆ ಮಡಚಿ ಒಳಗೆ ಬರುತ್ತಿದ್ದಾರೆ ಎಂದು ಹುಡುಗ ಹೇಳಿದ. ನಾನು ಬಂದರಿನ ಸರ್ವರಿನ ದಾಖಲೆಯನ್ನು ತೆರೆದಿಟ್ಟುಕೊಂಡು ಕಾದೆ. ಎಂಟೂ ಇಪ್ಪತ್ತಕ್ಕೆ ಮೊದಲ ತೂಕ ಬಂತು. ಕಳುಹಿಸಿದವರ ವಿಳಾಸದ ಅಂಕಣದಲ್ಲಿ 192.168.20.14 ಎಂದು ಇತ್ತು. ಹದಿನಾಲ್ಕನೆಯ ಮೇಜು.